ನಮ್ಮ ಮೂವತ್ತಡಿ ರಸ್ತೆಗೆ ನೂರು ಫ್ಲಾಟ್‌ಗಳ ಗೇಟ್ ಬರುತ್ತಂತೆ, ತಡೆಯಬಹುದಾ?

ಓದುಗರ ಪ್ರಶ್ನೆ: "ಬೆಂಗಳೂರಿನ ದಕ್ಷಿಣದ ಹೊರವಲಯದಲ್ಲಿ ಒಂದು ಖಾಸಗಿ ಲೇಔಟ್‌ನಲ್ಲಿ ನಮ್ಮ ಮನೆ ಇದೆ. ಎಲ್ಲವೂ 30x40 ಸೈಟ್‌ಗಳು, ಮುಂದೆ ಮೂವತ್ತಡಿ ರಸ್ತೆ. ನಮ್ಮ ಕ್ರಾಸ್ ಕೊನೆಯಲ್ಲಿ ಒಂದು ಹೊಲಕ್ಕೆ ತಾಗಿ ನಿಂತುಹೋಗುತ್ತದೆ. ಆ ಎರಡು ಎಕರೆಯನ್ನು ಈಗ ಒಬ್ಬ ಬಿಲ್ಡರ್ ತೆಗೆದುಕೊಂಡಿದ್ದಾರೆ. ನೂರು ಫ್ಲಾಟ್ ಅಂತೆ, ಗೇಟ್ ನಮ್ಮ ರಸ್ತೆಗೇ ಅಂತೆ. ಆ ಕಡೆಯಿಂದ ಅವರಿಗೆ ಹಳೆಯ ಬಂಡಿದಾರಿ ಇದೆ, ಆದರೆ ಕಿರಿದು. ಮೂವತ್ತಡಿ ರಸ್ತೆಯಲ್ಲಿ ಮೂರು ಮಹಡಿಗಿಂತ ಜಾಸ್ತಿ ಕಟ್ಟುವ ಹಾಗಿಲ್ಲ ಅಂತ ಕೆಲವರು ಹೇಳುತ್ತಾರೆ. ಡಿಸಿ ಕನ್ವರ್ಷನ್ ಆಗಿದೆ, ಇನ್ನೇನೂ ಮಾಡೋಕಾಗಲ್ಲ ಅಂತ ಇನ್ನು ಕೆಲವರು. ಸಂಘದವರು ರಸ್ತೆ ನಮ್ಮದು, ಪ್ಲಾನ್ ಮಂಜೂರಾಗುವ ಮೊದಲೇ ಅಡ್ಡ ಗೋಡೆ ಎಬ್ಬಿಸೋಣ ಅಂತ ಮನೆಮನೆಯಿಂದ ದುಡ್ಡು ಕೇಳುತ್ತಿದ್ದಾರೆ. ಇದರ ಜೊತೆಗೆ ಪಕ್ಕದ ಸೈಟ್‌ನಲ್ಲಿ ಐದು ಮಹಡಿಯ ಪಿಜಿ ಏಳುತ್ತಿದೆ. ನಮ್ಮದು ನೆಲ ಮತ್ತು ಮೊದಲ ಮಹಡಿ ಸೇರಿ 1500 ಚದರ ಅಡಿ. ಮೇಲೆ ಒಂದು ಬಾಡಿಗೆ ಮನೆ ಕಟ್ಟುವ ಆಸೆ ನಮಗೂ ಇದೆ. ಏನು ಮಾಡಬೇಕು?"

ಉತ್ತರ: ನಿಮ್ಮ ಆತಂಕ ಅರ್ಥವಾಗುತ್ತದೆ. ಸಂಜೆ ಮಕ್ಕಳು ಆಡುವ ರಸ್ತೆ ದಿಢೀರನೆ ನೂರು ಮನೆಗಳ ದಾರಿಯಾಗುತ್ತದೆ ಅಂದರೆ ಯಾರಿಗಾದರೂ ನಿದ್ದೆ ಕೆಡುತ್ತದೆ. ನಿಮ್ಮ ಬಡಾವಣೆಯಲ್ಲಿ ಮಾತೆಲ್ಲ ಫ್ಲಾಟ್‌ಗಳ ಸಂಖ್ಯೆಯ ಸುತ್ತ ನಡೆಯುತ್ತಿರುವ ಹಾಗೆ ಕಾಣುತ್ತದೆ. ನಾನು ಬಿಲ್ಡರ್‌ಗಳ ಪರವಾಗಿಯೂ ನಿವಾಸಿಗಳ ಸಂಘಗಳ ಪರವಾಗಿಯೂ ಇಂಥ ಫೈಲ್‌ಗಳನ್ನು ನೋಡಿದ್ದೇನೆ. ಜಗಳ ಗೆಲ್ಲುವುದೂ ಸೋಲುವುದೂ ರಸ್ತೆಯ ವಿಷಯದಲ್ಲಿ. ಆ ರಸ್ತೆ ಯಾರದು, ದಾಖಲೆಯಲ್ಲಿ ಅದರ ಅಗಲ ಎಷ್ಟು, ನೆಲದ ಮೇಲೆ ಎಷ್ಟಿದೆ. ಈ ಉತ್ತರಗಳು ಕೈಯಲ್ಲಿದ್ದರೆ ಉಳಿದದ್ದರ ಬಗ್ಗೆ ಗಟ್ಟಿಯಾಗಿ ಮಾತಾಡಬಹುದು.

ಮೊದಲು ಮೂರು ಮಹಡಿಯ ಮಾತು. ಬೆಂಗಳೂರಿಗೆ ಇವತ್ತಿಗೂ ಲೆಕ್ಕಕ್ಕೆ ಬರುವುದು 2007ರಲ್ಲಿ ಮಂಜೂರಾದ ಪರಿಷ್ಕೃತ ಮಾಸ್ಟರ್ ಪ್ಲಾನ್ 2015. ಅದರ ಮುಂದಿನ 2031ರ ಕರಡು ಬಂತು, ವಾಪಸ್ಸೂ ಹೋಯಿತು. ಈ ಪ್ಲಾನ್‌ನ ವಲಯ ನಿಯಮಗಳಲ್ಲಿ ಮನೆಗಳ ದಟ್ಟಣೆಯನ್ನು ಹಿಡಿದಿಡುವ ಮುಖ್ಯ ಅಳತೆ ಎಫ್‌ಎಆರ್. ಸೈಟ್‌ನ ವಿಸ್ತೀರ್ಣಕ್ಕೆ ಎಷ್ಟು ಪಟ್ಟು ಕಟ್ಟಡ ಕಟ್ಟಬಹುದು ಅನ್ನುವ ಲೆಕ್ಕ ಅದು. ಒಂದೇ ಉಂಡೆ ಹಿಟ್ಟನ್ನು ಅಗಲವಾಗಿ ಲಟ್ಟಿಸಿದರೆ ತೆಳ್ಳಗಾಗುತ್ತದೆ, ಚಿಕ್ಕದಾಗಿ ಲಟ್ಟಿಸಿದರೆ ದಪ್ಪ ಆಗುತ್ತದೆ ಅಲ್ವಾ, ಹಾಗೆಯೇ ಇದೂ. ಒಟ್ಟು ಚದರ ಅಡಿಗೆ ಮಿತಿ ಇದೆ. ಮಹಡಿ ಎಷ್ಟು ಅನ್ನುವುದು ಪ್ರತಿ ಮಹಡಿಯನ್ನು ಎಷ್ಟು ದೊಡ್ಡದಾಗಿ ಕಟ್ಟುತ್ತೀರಿ ಅನ್ನುವುದರ ಮೇಲೆ ನಿಂತಿದೆ. ಎತ್ತರಕ್ಕೆ ಮತ್ತು ಸುತ್ತ ಬಿಡಬೇಕಾದ ಸೆಟ್‌ಬ್ಯಾಕ್‌ಗೆ ಬೇರೆ ನಿಯಮಗಳಿವೆ. ಹಾಗಾಗಿ "ಮೂವತ್ತಡಿಗೆ ಮೂರೇ ಮಹಡಿ" ಅನ್ನುವ ಮಾತನ್ನು ಆಕ್ಷೇಪಣೆಯಲ್ಲಿ ಬರೆದರೆ ಅಧಿಕಾರಿ ಅದನ್ನು ಒಂದೇ ಸಾಲಿನಲ್ಲಿ ತಳ್ಳಿಹಾಕುತ್ತಾರೆ.

ಆದರೂ ಆ ಮಾತಿನ ಹಿಂದೆ ಒಂದು ನಿಜ ಇದೆ. ಎಫ್‌ಎಆರ್ ಎಷ್ಟು ಸಿಗುತ್ತದೆ ಅನ್ನುವುದು ಸೈಟ್‌ನ ಅಳತೆಯ ಜೊತೆಗೆ ಮುಂದಿನ ರಸ್ತೆಯ ಅಗಲದ ಮೇಲೂ ನಿಂತಿದೆ. ವಸತಿ ವಲಯದಲ್ಲಿ 12 ಮೀಟರ್‌ವರೆಗಿನ ರಸ್ತೆಗೆ ಮೂಲ ಎಫ್‌ಎಆರ್ 1.75. ರಸ್ತೆ ಅಗಲವಾದ ಹಾಗೆ ಅದು ಏರುತ್ತದೆ, 30 ಮೀಟರ್ ದಾಟಿದ ರಸ್ತೆಯ ದೊಡ್ಡ ಜಾಗಕ್ಕೆ 3.25ರವರೆಗೆ ಹೋಗುತ್ತದೆ. ಜಾಗ ಎಷ್ಟೇ ದೊಡ್ಡದಿರಲಿ, ರಸ್ತೆ ಕಿರಿದಾದರೆ ಕಿರಿದು ರಸ್ತೆಯ ಎಫ್‌ಎಆರ್ ಮಾತ್ರ. ಇದರ ಮೇಲೆ ದುಡ್ಡು ಕಟ್ಟಿ ಪಡೆಯುವ ಪ್ರೀಮಿಯಂ ಎಫ್‌ಎಆರ್ ಮತ್ತು ಟಿಡಿಆರ್ (ಬೇರೆಡೆ ಜಾಗ ಬಿಟ್ಟುಕೊಟ್ಟವರಿಂದ ಕೊಳ್ಳಬಹುದಾದ ಕಟ್ಟುವ ಹಕ್ಕು) ಇವೆ. ಅವುಗಳ ಆದೇಶ ಆಗಾಗ ಬದಲಾಗುತ್ತದೆ, ಆದ್ದರಿಂದ ಅರ್ಜಿ ಹಾಕಿದ ದಿನ ಯಾವುದು ಜಾರಿಯಲ್ಲಿತ್ತು ಅಂತ ನೋಡಬೇಕು.

ಈಗ ಆ ಎರಡು ಎಕರೆಯ ಲೆಕ್ಕ ಮಾಡೋಣ. ಎರಡು ಎಕರೆ ಅಂದರೆ ಸುಮಾರು 8,090 ಚದರ ಮೀಟರ್. 1.75ರ ಲೆಕ್ಕಕ್ಕೆ 14,160 ಚದರ ಮೀಟರ್, ಅಂದರೆ ಒಂದೂವರೆ ಲಕ್ಷ ಚದರ ಅಡಿ. ಫ್ಲಾಟ್ ಒಂದಕ್ಕೆ ಮೆಟ್ಟಿಲು, ಓಣಿ ಎಲ್ಲ ಸೇರಿ 1500 ಅಡಿ ಹಿಡಿದರೆ ಸರಿಯಾಗಿ ನೂರು ಮನೆ. ನೂರು ಫ್ಲಾಟ್ ಅನ್ನುವ ಸುದ್ದಿ ಸುಮ್ನೆ ಹಬ್ಬಿದ್ದಲ್ಲ ಅಂತ ಇದರಿಂದ ಗೊತ್ತಾಗುತ್ತದೆ. ಯಾರೋ ನಿಮ್ಮ ಮೂವತ್ತಡಿ ರಸ್ತೆಯನ್ನೇ ಇಟ್ಟುಕೊಂಡು ಲೆಕ್ಕ ಹಾಕಿದ್ದಾರೆ. ಅರ್ಧ ಜಾಗ ಖಾಲಿ ಬಿಟ್ಟರೂ ಸ್ಟಿಲ್ಟ್ (ಗಾಡಿ ನಿಲ್ಲಿಸಲು ಕಂಬಗಳ ಮೇಲೆ ತೆರೆದಿಟ್ಟ ನೆಲಮಟ್ಟ) ಮೇಲೆ ನಾಲ್ಕು ಮಹಡಿಯಲ್ಲಿ ಇಷ್ಟೂ ಕೂರುತ್ತದೆ, ಎತ್ತರ 15 ಮೀಟರ್‌ನ ಆಸುಪಾಸಿನಲ್ಲಿ ನಿಲ್ಲುತ್ತದೆ. ಈ 15ರ ಗೆರೆ ಮುಖ್ಯ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ 15 ಮೀಟರ್ ಮತ್ತು ಅದಕ್ಕಿಂತ ಮೇಲಿನದು ಎತ್ತರದ ಕಟ್ಟಡ. ಅದರ ಮುಂದಿನ ರಸ್ತೆ 12 ಮೀಟರ್‌ಗೆ ಕಡಿಮೆ ಇರಬಾರದು. ನಿಮ್ಮದು 9 ಮೀಟರ್ ಚಿಲ್ಲರೆ. ಹಾಗಾಗಿ ಪ್ಲಾನ್ ಕೈಗೆ ಬಂದ ಕೂಡಲೇ ಫ್ಲಾಟ್ ಎಣಿಸುವುದಕ್ಕಿಂತ ಮೊದಲು ಕಟ್ಟಡದ ಎತ್ತರ ನೋಡಿ.

ಕನ್ವರ್ಷನ್ ಬಗ್ಗೆ ಇರುವ ಗೊಂದಲ ತುಂಬಾ ಹಳೆಯದು. ಡಿಸಿ ಕನ್ವರ್ಷನ್ ಅಂದರೆ 1964ರ ಭೂ ಕಂದಾಯ ಕಾಯ್ದೆಯ 95ನೇ ಸೆಕ್ಷನ್ ಕೆಳಗೆ ಕೃಷಿ ಜಮೀನನ್ನು ಬೇರೆ ಕೆಲಸಕ್ಕೆ ಬಳಸಲು ಕೊಡುವ ಅನುಮತಿ. ಮಾಸ್ಟರ್ ಪ್ಲಾನ್‌ನಲ್ಲಿ ಆ ಸರ್ವೆ ನಂಬರ್‌ಗೆ ಯಾವ ಬಣ್ಣ ಹಚ್ಚಿದ್ದಾರೆ ಅನ್ನುವುದು ಪೂರ್ತಿ ಬೇರೆ ವಿಷಯ. ಅಲ್ಲಿ ವಸತಿ ಅಂತ ಇಲ್ಲದಿದ್ದರೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಪ್ರಕಾರ ಭೂ ಬಳಕೆ ಬದಲಾವಣೆ ಬೇಕು. ಅದಕ್ಕೆ ಪ್ರಕಟಣೆ ಕೊಟ್ಟು ಜನರ ಆಕ್ಷೇಪಣೆ ಕೇಳಬೇಕು. ಇವೆರಡೂ ಇದ್ದರೂ ಕಟ್ಟಡದ ಪ್ಲಾನ್ ಮಂಜೂರಾತಿ ಅನ್ನುವ ಮೂರನೆಯ ಮೆಟ್ಟಿಲು ಉಳಿದಿರುತ್ತದೆ. ಕನ್ವರ್ಷನ್ ಆಯ್ತು ಅಂತ ಕೈಚೆಲ್ಲಿ ಕೂರಬೇಡಿ.

ಈಗ ಮುಖ್ಯ ವಿಷಯಕ್ಕೆ ಬರೋಣ. ರಸ್ತೆ ಯಾರದು?

ನಿಮ್ಮ ಲೇಔಟ್ ಯೋಜನಾ ಪ್ರಾಧಿಕಾರದಿಂದ ಮಂಜೂರಾದದ್ದೇ ಆಗಿದ್ದರೆ ಅದರ ರಸ್ತೆ, ಪಾರ್ಕ್, ಎಲ್ಲವನ್ನೂ ಲೇಔಟ್ ಮಾಡಿದವರು ಬಿಟ್ಟುಕೊಡುವ ಪತ್ರದ ಮೂಲಕ ಸರ್ಕಾರಿ ಸಂಸ್ಥೆಗೆ ಒಪ್ಪಿಸಿರುತ್ತಾರೆ. ಆ ಪತ್ರಕ್ಕೆ ಸಹಿ ಬಿದ್ದ ದಿನದಿಂದ ಅದು ಎಲ್ಲರ ರಸ್ತೆ. ನಿಮ್ಮ ಸಂಘ ದೀಪ ಹಾಕಿಸಿರಬಹುದು, ಗಿಡ ನೆಟ್ಟಿರಬಹುದು, ಸೆಕ್ಯುರಿಟಿಯವರಿಗೆ ಸಂಬಳ ಕೊಡುತ್ತಿರಬಹುದು. ಅದರಿಂದ ರಸ್ತೆ ಸಂಘದ್ದಾಗುವುದಿಲ್ಲ. ಹೀಗೆ ಒಪ್ಪಿಸಿದ ರಸ್ತೆಗೆ ಗೇಟ್ ಹಾಕಿ ಹೊರಗಿನವರನ್ನು ತಡೆಯುವ ಹಕ್ಕು ನಿವಾಸಿಗಳಿಗಿಲ್ಲ ಅಂತ ಕರ್ನಾಟಕ ಹೈಕೋರ್ಟ್ ಕೂಡ ಹೇಳಿದೆ.

ಇನ್ನೊಂದು ಮಾತು ಹೇಳಬೇಕು, ಇದು ನಿಮಗೆ ಇಷ್ಟವಾಗದೆ ಇರಬಹುದು. ನಿಮ್ಮ ಕ್ರಾಸ್ ಹೊಲಕ್ಕೆ ತಾಗಿ ನಿಂತಿರುವುದು ಆಕಸ್ಮಿಕ ಆಗಿರಲಿಕ್ಕಿಲ್ಲ. ಪಕ್ಕದ ಜಮೀನು ಮುಂದೊಂದು ದಿನ ಲೇಔಟ್ ಆದಾಗ ರಸ್ತೆ ಮುಂದುವರಿಯಲಿ ಅಂತ ಅಂಚಿನವರೆಗೆ ರಸ್ತೆ ಬಿಡಿಸುವುದು ಯೋಜನೆ ಮಾಡುವವರ ರೂಢಿ. ನಿಮ್ಮ ಲೇಔಟ್‌ನ ಮಂಜೂರಾದ ನಕ್ಷೆ ತೆಗೆದು ನೋಡಿ. ರಸ್ತೆಯ ಎರಡು ಗೆರೆ ಗಡಿಯವರೆಗೆ ತೆರೆದೇ ಇದ್ದರೆ ಅದು ಮುಂದೆ ಹೋಗಲಿ ಅಂತಲೇ ಬಿಟ್ಟ ರಸ್ತೆ. ಗಡಿಯ ಈಚೆ ಒಂದು ಸೈಟ್ ಅಥವಾ ಪಾರ್ಕ್ ಅಡ್ಡ ಬಂದಿದ್ದರೆ, ಅಥವಾ ವಾಹನ ತಿರುಗಿಸಲು ಜಾಗ ಬಿಟ್ಟು ಅಲ್ಲಿಗೇ ಮುಗಿಸಿದ್ದರೆ, ಮಾತು ಬೇರೆ.

ಲೇಔಟ್ ಮಂಜೂರಾಗದ ರೆವಿನ್ಯೂ ಲೇಔಟ್ ಆಗಿದ್ದರೆ ಚಿತ್ರ ಪೂರ್ತಿ ಬದಲಾಗುತ್ತದೆ. ಬೆಂಗಳೂರಿನ ಹೊರವಲಯದಲ್ಲಿ ಇಂಥವು ಲೆಕ್ಕವಿಲ್ಲದಷ್ಟಿವೆ. ಇಲ್ಲಿ ರಸ್ತೆ ಬದುಕಿರುವುದು ನಿಮ್ಮ ಕ್ರಯಪತ್ರದ ಚೆಕ್ಕುಬಂದಿಯಲ್ಲಿ ಮಾತ್ರ, "ಉತ್ತರಕ್ಕೆ ಮೂವತ್ತಡಿ ರಸ್ತೆ" ಅನ್ನುವ ಒಂದು ಸಾಲಿನಲ್ಲಿ. ಆ ನೆಲ ಪಹಣಿಯಲ್ಲಿ ಇನ್ನೂ ಮೂಲ ಜಮೀನಿನವರ ಹೆಸರಿನಲ್ಲೇ ಇರಬಹುದು. ಸೈಟ್ ಕೊಂಡವರಿಗೆಲ್ಲ ಅದರಲ್ಲಿ ಓಡಾಡುವ ಹಕ್ಕಿದೆ. ಪಕ್ಕದ ಸರ್ವೆ ನಂಬರ್‌ನವರಿಗೆ ಆ ಹಕ್ಕು ತಾನಾಗಿ ಬರುವುದಿಲ್ಲ. 1882ರ ಈಸ್‌ಮೆಂಟ್ ಕಾಯ್ದೆಯಲ್ಲಿ ಬೇರೆ ದಾರಿಯೇ ಇಲ್ಲದವರಿಗೆ ಅನಿವಾರ್ಯದ ದಾರಿ ಅಂತ ಒಂದು ಹಕ್ಕಿದೆ. ಆದರೆ ಅದು ಒಂದೇ ಆಸ್ತಿ ಭಾಗವಾದಾಗ ಹುಟ್ಟುವಂಥದ್ದು. ಆ ಕಡೆ ಬಂಡಿದಾರಿ ಇರುವಾಗ, ಅದು ಕಿರಿದು, ಅನುಕೂಲ ಇಲ್ಲ ಅನ್ನುವುದು ಅನಿವಾರ್ಯ ಆಗುವುದಿಲ್ಲ. ಇನ್ನು 20 ವರ್ಷ ಬಿಡದೆ ಬಳಸಿದ್ದರೆ ಹುಟ್ಟುವ ಹಕ್ಕು ಇದೆ. ಹೊಲದವರು ನಿಮ್ಮ ರಸ್ತೆಯಲ್ಲಿ ಗಾಡಿ ಹೊಡೆಯುತ್ತಿದ್ದರೇ ಅಂತ ಹಳಬರನ್ನು ಕೇಳಿ. ರೆವಿನ್ಯೂ ಲೇಔಟ್‌ನಲ್ಲಿ ನಿಮ್ಮ ವಾದ ಗಟ್ಟಿ, ಆದರೆ ನಿಮ್ಮ ಸ್ವಂತ ಮನೆಗಳ ದಾಖಲೆ ಸಡಿಲ. ಪಾಲಿಕೆ ಆ ರಸ್ತೆಗೆ ಟಾರು ಹಾಕಿ, ಚರಂಡಿ ಕಟ್ಟಿ, ತನ್ನ ರಸ್ತೆ ಪಟ್ಟಿಗೆ ಸೇರಿಸಿಕೊಂಡಿದ್ದರೆ ಖಾಸಗಿ ಅನ್ನುವ ವಾದವೂ ಸೊರಗುತ್ತದೆ.

ಬಂಡಿದಾರಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಾನಾದರೆ ಮೊದಲು ನೋಡುವುದು ಅದನ್ನೇ. ಗ್ರಾಮ ನಕ್ಷೆಯಲ್ಲಿ ಅದು ಬಿ ಖರಾಬು ಅಂತ ಇದ್ದರೆ ಸಾರ್ವಜನಿಕ ದಾರಿ, ಅದನ್ನು ಯಾರೂ ಮಾರುವಂತಿಲ್ಲ, ಒತ್ತುವಂತಿಲ್ಲ. ಎಷ್ಟೋ ಕಡೆ ಈ ದಾರಿ ನಕ್ಷೆಯಲ್ಲಿ ಅಗಲವಾಗಿದ್ದು, ನೆಲದ ಮೇಲೆ ಅಕ್ಕಪಕ್ಕದ ಬೇಲಿಗಳು ಒಳಗೆ ಬಂದು ಕಿರಿದಾಗಿರುತ್ತದೆ. ಸರ್ವೆ ಇಲಾಖೆಯ ದಿಶಾಂಕ್ ಆ್ಯಪ್‌ನಲ್ಲಿ ಒಂದು ಅಂದಾಜು ಸಿಗುತ್ತದೆ, ಪಕ್ಕಾ ಅಳತೆಗೆ ತಾಲ್ಲೂಕು ಸರ್ವೆ ಕಚೇರಿಗೆ ಅರ್ಜಿ ಹಾಕಿ. ಆ ದಾರಿ ತೆರೆದು ಅಗಲವಾದರೆ ಬಿಲ್ಡರ್‌ಗೆ ಮುಂಬಾಗಿಲು ಅಲ್ಲೇ ಸಿಗಬಹುದು. ನಿಮ್ಮ ರಸ್ತೆಯ ಮೇಲಿನ ಒತ್ತಡ ಅಲ್ಲಿಗೆ ಹಂಚಿಹೋಗುತ್ತದೆ.

ಗೋಡೆ ಎಬ್ಬಿಸುವ ಯೋಚನೆ ಬಿಟ್ಟುಬಿಡಿ. ಸಾರ್ವಜನಿಕ ರಸ್ತೆಗೆ ಗೋಡೆ ಕಟ್ಟಿದರೆ ಪಾಲಿಕೆಯವರು ಬಂದು ಒಡೆಯುತ್ತಾರೆ, ಕೇಸು ಸಂಘದ ಪದಾಧಿಕಾರಿಗಳ ಹೆಸರಿನಲ್ಲಿ ಬೀಳುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ನಾಳೆ ನೀವು ನ್ಯಾಯವಾದ ಆಕ್ಷೇಪಣೆ ಹಿಡಿದು ಹೋದರೂ "ಇವರು ರಸ್ತೆಗೆ ಗೋಡೆ ಕಟ್ಟಿದವರು" ಅನ್ನುವ ಮಾತು ಫೈಲಿನಲ್ಲಿ ಮೊದಲು ಬಂದಿರುತ್ತದೆ. ಆ ದುಡ್ಡಿನಲ್ಲಿ ಒಬ್ಬ ಪರವಾನಗಿ ಇರುವ ಸರ್ವೆಯರ್‌ನಿಂದ ನಿಮ್ಮ ರಸ್ತೆಯನ್ನು ಬಾಯಿಂದ ಕೊನೆಯವರೆಗೆ ಅಳೆಸಿ, ಸಹಿ ಹಾಕಿಸಿದ ನಕ್ಷೆ ಇಟ್ಟುಕೊಳ್ಳಿ.

ಯಾಕೆಂದರೆ ಮೂವತ್ತಡಿ ಅಂತ ಕರೆಯುವ ರಸ್ತೆ ಉದ್ದಕ್ಕೂ ಮೂವತ್ತಡಿ ಇರುವುದು ಅಪರೂಪ. ಒಂದು ಕಡೆ ಯಾರದೋ ರ‍್ಯಾಂಪ್ ಚರಂಡಿ ದಾಟಿ ಬಂದಿರುತ್ತದೆ, ಇನ್ನೊಂದು ಕಡೆ ಲೇಔಟ್‌ನ ಬಾಯಲ್ಲೇ ರಸ್ತೆ ಇಪ್ಪತ್ತು ಅಡಿಗೆ ಇಳಿದಿರುತ್ತದೆ. ಬಿಲ್ಡರ್‌ನ ಅರ್ಜಿಯಲ್ಲಿ ಜಾಗದ ಮುಂದಿನ ತುಂಡಿನ ಅಗಲ ಮಾತ್ರ ಬರೆದಿರುತ್ತಾರೆ. ಮುಖ್ಯ ರಸ್ತೆಯಿಂದ ಅಲ್ಲಿಯವರೆಗೆ ಅದೇ ಅಗಲ ಇದೆಯಾ ಅಂತ ಕೇಳುವವರು ನೀವೇ ಆಗಬೇಕು. ಲೆಕ್ಕ ನೋಡಿ: 9 ಮೀಟರ್‌ನಲ್ಲಿ ಚರಂಡಿ, ಪಾದಚಾರಿ ಜಾಗ ಕಳೆದರೆ ಗಾಡಿಗೆ ಉಳಿಯುವುದು 6 ಮೀಟರ್ ಹತ್ತಿರ. ಎರಡೂ ಕಡೆ ಕಾರು ನಿಂತರೆ ಮಧ್ಯೆ ಎರಡೂವರೆ ಮೀಟರ್ ಕೂಡ ಕಷ್ಟ. ಅಗ್ನಿಶಾಮಕ ವಾಹನ ಅದರಲ್ಲಿ ನುಗ್ಗುವುದು ಹೇಗೆ? ನೂರು ಮನೆಗಳಲ್ಲಿ ಅರ್ಧದಷ್ಟು ಮನೆಗಳಿಂದ ಬೆಳಗ್ಗೆ ಒಂದು ಗಂಟೆಯಲ್ಲಿ ಒಂದೊಂದು ಗಾಡಿ ಹೊರಟರೂ ನಿಮಿಷಕ್ಕೆ ಒಂದರ ಹತ್ತಿರ ಆಯಿತು. ಜೊತೆಗೆ ಸ್ಕೂಲ್ ವ್ಯಾನ್, ನೀರಿನ ಟ್ಯಾಂಕರ್, ಡೆಲಿವರಿಯವರು. ಈ ಲೆಕ್ಕವನ್ನು ಅಳತೆಯ ನಕ್ಷೆಯ ಜೊತೆ ಕೊಟ್ಟರೆ ಅಧಿಕಾರಿ ಉತ್ತರ ಬರೆಯಲೇಬೇಕಾಗುತ್ತದೆ. "ನಮ್ಮ ಬಡಾವಣೆಯ ಶಾಂತಿ ಹಾಳಾಗುತ್ತದೆ" ಅಂತ ಬರೆದರೆ ಉತ್ತರ ಬರುವುದಿಲ್ಲ.

ನೂರು ಮನೆ ಬರುವುದೇ ಕೆಟ್ಟದ್ದು ಅಂತ ನಾನು ನಂಬುವುದಿಲ್ಲ. ಜನ ಜಾಸ್ತಿಯಾದ ಕಡೆ ಬಿಎಂಟಿಸಿ ಬಸ್ ಬರುತ್ತದೆ, ದಿನಸಿ ಅಂಗಡಿ ನಡೆಯುತ್ತದೆ, ನಿಮ್ಮ ಬಾಡಿಗೆ ಮನೆಗೂ ಜನ ಸಿಗುತ್ತಾರೆ. ಬೆಂಗಳೂರನ್ನು ಕೆಡಿಸಿದ್ದು ಮುಚ್ಚಿದ ರಸ್ತೆಗಳು. ಸರ್ಜಾಪುರ ರಸ್ತೆ, ಬೆಳ್ಳಂದೂರು, ವೈಟ್‌ಫೀಲ್ಡ್ ಕಡೆ ನೋಡಿ. ಒಂದರ ಪಕ್ಕ ಒಂದು ದೊಡ್ಡ ಕಾಂಪೌಂಡ್, ಒಳಗಿನಿಂದ ಒಳಗೆ ದಾರಿ ಇಲ್ಲ, ಪಕ್ಕದ ಮನೆಗೆ ಹೋಗಲೂ ಮುಖ್ಯ ರಸ್ತೆಗೇ ಬರಬೇಕು. ಮಲ್ಲೇಶ್ವರ, ಬಸವನಗುಡಿ, ಜಯನಗರದಲ್ಲಿ ಕ್ರಾಸ್‌ಗಳು ಒಂದಕ್ಕೊಂದು ಕೂಡುತ್ತವೆ, ಒಂದು ಕಟ್ಟಿಕೊಂಡರೆ ಇನ್ನೊಂದರಲ್ಲಿ ಹೋಗುತ್ತೀರಿ. ನಿಮ್ಮ ಕ್ರಾಸ್ ಆ ಎರಡು ಎಕರೆ ದಾಟಿ ಆಚೆಯ ರಸ್ತೆಗೆ ಕೂಡಿಕೊಂಡರೆ ನೀವೂ ಗೆದ್ದಿರಿ, ಅವರೂ ಗೆದ್ದರು. ನಿಮ್ಮ ರಸ್ತೆ ಅವರೊಬ್ಬರ ಗೇಟ್‌ಗೆ ಹೋಗಿ ನಿಂತರೆ ಭಾರವೆಲ್ಲ ನಿಮ್ಮ ಮೇಲೆ.

ಹಾಗಾಗಿ ನಾನು ಸಲಹೆ ಕೊಡುವುದು ಮಾತುಕತೆಯನ್ನು, ಆದರೆ ದಾಖಲೆ ಕೈಯಲ್ಲಿ ಹಿಡಿದ ಮೇಲೆ. ನಿಮ್ಮ ಜಾಗ ಯಾವ ಪಾಲಿಕೆಗೆ ಬರುತ್ತದೆ ಅಥವಾ ಇನ್ನೂ ಪಂಚಾಯ್ತಿಯಲ್ಲೇ ಇದೆಯಾ ನೋಡಿಕೊಳ್ಳಿ. ಬಿಬಿಎಂಪಿ ಜಾಗದಲ್ಲಿ ಈಗ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಿವೆ, ಅರ್ಜಿ ತಪ್ಪು ಕಚೇರಿಗೆ ಹೋದರೆ ತಿಂಗಳು ಹಾಳು. ಮಂಜೂರಾತಿ ಕಚೇರಿಗೆ ಈಗಲೇ ಲಿಖಿತ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಪಡೆಯಿರಿ. ಮಾಹಿತಿ ಹಕ್ಕಿನಲ್ಲಿ ಅರ್ಜಿಯ ಪ್ರತಿ, ರಸ್ತೆ ಅಗಲದ ದಾಖಲೆ, ಸ್ಥಳ ಪರಿಶೀಲನಾ ವರದಿ ಕೇಳಿ, 30 ದಿನದಲ್ಲಿ ಉತ್ತರ ಕೊಡಬೇಕು. ಎಂಟಕ್ಕಿಂತ ಹೆಚ್ಚು ಫ್ಲಾಟ್ ಇರುವ ಯೋಜನೆ ಮಾರಾಟಕ್ಕೆ ಮೊದಲು ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ ನೋಂದಣಿ ಆಗಬೇಕು, ಅಲ್ಲಿ ಮಂಜೂರಾದ ಪ್ಲಾನ್ ಎಲ್ಲರಿಗೂ ಸಿಗುತ್ತದೆ. ಆದರೆ ಅಷ್ಟು ಹೊತ್ತಿಗೆ ಮಂಜೂರಾತಿ ಮುಗಿದಿರುತ್ತದೆ, ಅದಕ್ಕೇ ಕಾಯಬೇಡಿ. ನೆಲಮಾಳಿಗೆ, ಪಾರ್ಕಿಂಗ್ ಎಲ್ಲ ಸೇರಿ ಕಟ್ಟಡ 20,000 ಚದರ ಮೀಟರ್ ಮುಟ್ಟಿದರೆ ಪರಿಸರ ಅನುಮತಿಯೂ ಬೇಕು.

ಮಾತುಕತೆಯಲ್ಲಿ ಏನು ಕೇಳಬಹುದು? ಮುಖ್ಯ ಗೇಟ್ ಬಂಡಿದಾರಿಯ ಕಡೆ ಇರಲಿ, ಅದಕ್ಕೆ ಬಿಲ್ಡರ್ ತಮ್ಮ ಜಾಗದ ಪಟ್ಟಿ ಬಿಟ್ಟು ಅಗಲ ಮಾಡಲಿ. ನಿಮ್ಮ ಕಡೆ ನಡೆದು ಹೋಗುವವರಿಗೆ, ಸೈಕಲ್‌ಗೆ, ತುರ್ತು ವಾಹನಕ್ಕೆ ಮಾತ್ರ ದಾರಿ ಇರಲಿ. ಅಥವಾ ಅವರ ಜಾಗದೊಳಗೆ ರಸ್ತೆ ಆರಪಾರು ಹೋಗಿ ಎರಡೂ ಕಡೆ ತೆರೆಯಲಿ. ಕಟ್ಟುವ ವರ್ಷಗಳಲ್ಲಿ ಲಾರಿ ಯಾವ ಹೊತ್ತಿಗೆ ಬರಬೇಕು, ಒಡೆದ ಚರಂಡಿ, ಪೈಪು ಯಾರು ಸರಿಮಾಡಬೇಕು ಅಂತ ಬರೆಸಿಕೊಳ್ಳಿ. ಇದರ ಅಪಾಯ ಹೇಳಿಬಿಡುತ್ತೇನೆ: ಬಿಲ್ಡರ್ ಸಂಘಕ್ಕೆ ಕೊಟ್ಟ ಪತ್ರ ಫ್ಲಾಟ್ ಮಾರಿದ ಮೇಲೆ ಕಾಗದದ ತುಂಡು. ಫ್ಲಾಟ್ ಕೊಂಡವರು "ನಮಗೆ ಗೊತ್ತಿಲ್ಲ" ಅನ್ನುತ್ತಾರೆ. ಗೇಟ್ ಎಲ್ಲಿ ಅನ್ನುವುದು ಮಂಜೂರಾದ ಪ್ಲಾನ್‌ನಲ್ಲೇ ಗೆರೆಯಾಗಿ ಬರಬೇಕು. ರಸ್ತೆ ಸಾರ್ವಜನಿಕವಾಗಿದ್ದರೆ ಅವರು ಇದಕ್ಕೆ ಒಪ್ಪಲೇಬೇಕು ಅಂತೇನೂ ಇಲ್ಲ. ಆದರೂ ತಕರಾರಿನಿಂದ ಮಂಜೂರಾತಿ ತಡವಾಗುವುದಕ್ಕಿಂತ ಗೇಟ್ ಬದಲಿಸುವುದೇ ಅಗ್ಗ ಅಂತ ಎಷ್ಟೋ ಬಿಲ್ಡರ್‌ಗಳು ಒಪ್ಪಿದ್ದನ್ನು ನೋಡಿದ್ದೇನೆ. ಹೈಕೋರ್ಟ್‌ಗೆ ರಿಟ್ ಹಾಕುವ ದಾರಿ ಕೊನೆಗೆ ಇದ್ದೇ ಇದೆ. ಅಗಲ ಸುಳ್ಳು ತೋರಿಸಿದ್ದಕ್ಕೆ ದಾಖಲೆ ಇದ್ದರೆ ಹೋಗಿ. ಬರೀ ಟ್ರಾಫಿಕ್ ಭಯಕ್ಕೆ ಹೋದರೆ ವರ್ಷಗಳೂ ಲಾಯರ್ ಫೀಸೂ ಕಳೆಯುತ್ತವೆ.

ಪಕ್ಕದ ಪಿಜಿ ಲೆಕ್ಕ ಸುಲಭ. 1200 ಚದರ ಅಡಿಗೆ 1.75 ಅಂದರೆ ಒಟ್ಟು 2100 ಅಡಿ. ಕೆಳಗಿನದು ಸ್ಟಿಲ್ಟ್ ಪಾರ್ಕಿಂಗ್ ಅಂತ ಬಿಟ್ಟರೂ ಉಳಿದ ನಾಲ್ಕು ಮಹಡಿ ತಲಾ 525 ಅಡಿ ಇರಬೇಕು. ಅಲ್ಲಿ ಗೋಡೆಯಿಂದ ಗೋಡೆಗೆ ಕಟ್ಟುತ್ತಿದ್ದಾರೆ ಅಂದರೆ ಮಿತಿ ದಾಟಿರುವುದು ಖಚಿತ. ದಂಡ ಕಟ್ಟಿಸಿಕೊಂಡು ನಿಯಮ ಮೀರಿದ ಕಟ್ಟಡವನ್ನು ಸಕ್ರಮ ಮಾಡುವ ಅಕ್ರಮ–ಸಕ್ರಮ ಯೋಜನೆ ಬಂದರೆ ಎಲ್ಲ ಸರಿಹೋಗುತ್ತೆ ಅನ್ನುವ ಭರವಸೆ ಮೇಲೆ ಬಹಳ ಜನ ಕಟ್ಟಿದ್ದಾರೆ. ಆ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲೇ ತಡೆ ಕೊಟ್ಟಿದೆ. 2024ರ ಡಿಸೆಂಬರ್‌ನಲ್ಲಿ ಅದೇ ಕೋರ್ಟ್ ಸ್ವಾಧೀನ ಪತ್ರ, ಅಂದರೆ ಓಸಿ ಇಲ್ಲದ ಕಟ್ಟಡಕ್ಕೆ ಕರೆಂಟು, ನೀರು ಕೊಡಬಾರದು ಅಂತ ಹೇಳಿತು. ಆಮೇಲೆ ನಮ್ಮ ಸರ್ಕಾರ 1200 ಅಡಿವರೆಗಿನ ಸೈಟ್‌ನ ಸಣ್ಣ ಮನೆಗಳಿಗೆ ಓಸಿ ವಿನಾಯಿತಿ ಕೊಟ್ಟಿತು, ಆದರೆ ಅದು ನೆಲದ ಮೇಲೆ ಎರಡು ಅಥವಾ ಸ್ಟಿಲ್ಟ್ ಮೇಲೆ ಮೂರು ಮಹಡಿಯವರೆಗೆ. ಐದು ಮಹಡಿಯ ಪಿಜಿ ಅದರಲ್ಲಿ ಬರುವುದಿಲ್ಲ. ದೂರು ಕೊಡುವುದಾದರೆ ಕಟ್ಟಡ ಏಳುತ್ತಿರುವಾಗಲೇ ಕೊಡಿ, ತಾರೀಖು ಕಾಣುವ ಫೋಟೋ ಸಮೇತ. ಒಳಗೆ ಜನ ಬಂದು ಕೂತ ಮೇಲೆ ನೋಟಿಸು, ಮೇಲ್ಮನವಿ, ತಡೆಯಾಜ್ಞೆ ಅಂತ ವರ್ಷಗಟ್ಟಲೆ ಎಳೆಯುತ್ತದೆ.

ನಿಮ್ಮ ಬಾಡಿಗೆ ಮನೆಗೆ ಇದೇ ಲೆಕ್ಕ. 2100ರಲ್ಲಿ 1500 ಕಳೆದರೆ 600 ಚದರ ಅಡಿ ಉಳಿಯಿತು, ಒಂದು ಒಳ್ಳೆಯ ಒಂದು ಬೆಡ್‌ರೂಮ್ ಮನೆ ಆಗುತ್ತದೆ. ಅದಕ್ಕೆ ಹೊಸದಾಗಿ ಪ್ಲಾನ್ ಮಂಜೂರಾಗಬೇಕು. ಖಾತಾ ಬಿ (ಮಂಜೂರಾತಿ ದಾಖಲೆ ಪೂರ್ತಿ ಇಲ್ಲದ ಆಸ್ತಿಯ ತೆರಿಗೆ ಖಾತೆ) ಆಗಿದ್ದರೆ ಮೊದಲು ಅದನ್ನು ಸರಿಮಾಡಿಸಿಕೊಳ್ಳಿ. ಹಳೆಯ ಅಡಿಪಾಯ ಇನ್ನೊಂದು ಮಹಡಿ ಹೊರುತ್ತದಾ ಅಂತ ಸ್ಟ್ರಕ್ಚರಲ್ ಎಂಜಿನಿಯರ್ ನೋಡಲಿ. ಬಾಡಿಗೆಯವರ ಗಾಡಿ ಕಾಂಪೌಂಡ್ ಒಳಗೆ ನಿಲ್ಲುವ ಹಾಗೆ ಜಾಗ ಮಾಡಿ. ನಿಮ್ಮ ಮನೆಯನ್ನು ಮಂಜೂರಾದ ಪ್ಲಾನ್ ಜೊತೆ ಹಿಡಿದು, ಸೆಟ್‌ಬ್ಯಾಕ್, ಬಾಲ್ಕನಿ, ಮೆಟ್ಟಿಲು ಎಲ್ಲ ಒಮ್ಮೆ ಅಳೆಸಿ. ಈ ಕೆಲಸ ಪಿಜಿ ಮೇಲಿನ ದೂರಿಗಿಂತ ಮೊದಲೇ ಆಗಲಿ, ಯಾಕೆಂದರೆ ದೂರು ನೋಡಲು ಬರುವ ಎಂಜಿನಿಯರ್ ಟೇಪು ಹಿಡಿದು ಎರಡೂ ಕಾಂಪೌಂಡ್ ಅಳೆಯಬಹುದು.